ಹಳಿಯ ಮೇಲೆ ಹೊರಿಸಿದ್ದು

ಬ್ರನ್ಸ್‌ವಿಕ್, ಮೆಲ್ಬರ್ನ್
9 ಏಪ್ರಿಲ್ 2017

ಥಾನೊ,

ಈ ಕಾಲದಲ್ಲಿ ಕೂತು ಕಾಗದ ಬರೆಯುತ್ತಿದ್ದಾಳೆ, ತಲೆಗೆ ಬಿದ್ದ ಪೆಟ್ಟು ಜೋರಾಗೇ ಇರಬೇಕು ಅಂದುಕೊಂಡೆಯಾ? ಜೋರಾಗೇ ಇದೆ ಮಾರಾಯ. ಡಾಕ್ಟರು ಫೋನು, ಕಂಪ್ಯೂಟರು, ಟಿವಿ ಮೂರನ್ನೂ ಕಿತ್ತುಕೊಂಡಿದ್ದಾರೆ. ಹತ್ತು ನಿಮಿಷ ಪರದೆ ನೋಡಿದರೆ ವಾಂತಿ. ಫೋನಿನಲ್ಲಿ ಮಾತಾಡೋಣ ಅಂದರೆ ಬಲಗಿವಿಗೆ ಎಲ್ಲರ ದನಿಯೂ ತಗಡು ಬಡಿದ ಹಾಗೆ ಕೇಳಿಸುತ್ತದೆ. ಪೆನ್ನು ಮಾತ್ರ ಸದ್ದು ಮಾಡುವುದಿಲ್ಲ. ನಿನ್ನ ಟಾಸ್ಮೇನಿಯಾದ ವಿಳಾಸವನ್ನು ನಿಮ್ಮಮ್ಮನ ಹತ್ತಿರ ಇಸಿದುಕೊಂಡೆ.

ನಿಮ್ಮಮ್ಮ ವಾರಕ್ಕೆರಡು ಸಲ ಬರುತ್ತಾರೆ. ಪಾಲಕ್ ಸೊಪ್ಪು, ಚೀಸು ತುಂಬಿದ ಆ ನಿಮ್ಮ ಗ್ರೀಕ್ ಕಡುಬಿನ ತಟ್ಟೆ ಹೊತ್ತುಕೊಂಡು ಎರಡು ಟ್ರಾಮು ಬದಲಾಯಿಸಿ ಬರುವುದು. ಬಂದವರೇ ಕಿಟಕಿ ಪರದೆ ಎಳೆದು, ಟ್ರಾಮಿನ ಹಳಿಗೆ ಶಾಪ ಹಾಕುತ್ತಾರೆ. "ಆ ಹಾಳು ಹಳೀನ ಬುಡಸಮೇತ ಕಿತ್ತು ಹಾಕ್ಬೇಕು ಮಗಳೇ. ನಿನ್ನಂಥವಳನ್ನೇ ನುಂಗ್ತು ಅಂದ್ರೆ!" ಅಂತ. ಅದೇ ಟ್ರಾಮಿನಲ್ಲಿ ವಾಪಸು ಹೋಗುತ್ತಾರೆ.

ನನ್ನಂಥವಳನ್ನೇ. ಅದೇ ನನ್ನನ್ನು ತಿನ್ನುತ್ತಿರುವುದು ಥಾನೊ. ಮೂಳೆ ಕೂಡುತ್ತದೆ. ಕಿವಿಯ ಕಥೆ ಹೇಗೋ ಏನೋ. ಆದರೆ ಇಪ್ಪತ್ತೊಂದು ವರ್ಷ ಈ ಊರಿನಲ್ಲಿ ಸೈಕಲ್ಲು ತುಳಿದವಳು ನಾನು. ಹಳಿಯನ್ನು ಅಡ್ಡಡ್ಡ ದಾಟಬೇಕು, ಉದ್ದಕ್ಕೆ ಹೋದರೆ ಚಕ್ರ ಹಳಿಯ ಸೀಳಿನೊಳಗೆ ಇಳಿಯುತ್ತದೆ ಅಂತ ನಮ್ಮ ಈ ಸಿಡ್ನಿ ರೋಡಿನ ಅರ್ಧ ಜನಕ್ಕೆ ಹೇಳಿಕೊಟ್ಟವಳು. ನಿನಗೆ ಹೇಳಿಕೊಟ್ಟವಳೂ ನಾನೇ. ನೀನು ಮೊದಲ ದಿನ ಬಿದ್ದು ಪ್ಯಾಂಟು ಹರಿದುಕೊಂಡಾಗ ಹೊಟ್ಟೆ ಹಿಡಿದು ನಕ್ಕವಳೂ ನಾನೇ. ಅಂಥವಳು ಮಳೆಯಿಲ್ಲದ ರಾತ್ರಿ, ನೆಟ್ಟಗಿರುವ ರಸ್ತೆಯಲ್ಲಿ, ನಿಮ್ಮ ತಂಡ ಹಾಡಲಿದ್ದ ಪಬ್ಬಿನ ಬಾಗಿಲಿಗೆ ಇಪ್ಪತ್ತು ಅಡಿ ಇರುವಾಗ ಚಕ್ರವನ್ನು ಹಳಿಗೆ ಕೊಟ್ಟೆನೆಂದರೆ? ಎಷ್ಟು ತಡಕಿದರೂ ಏನೂ ನೆನಪಿಗೆ ಬರುವುದಿಲ್ಲ. ಬೆಲ್ ರಸ್ತೆಯ ಸಿಗ್ನಲ್ ದಾಟಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ದೀಪ. ನಡುವಿನದು ನೀನು ಹೇಳಿದ್ದರಿಂದ ಮಾತ್ರ ಗೊತ್ತು. ಪೊಲೀಸಿನವನು ಆಸ್ಪತ್ರೆಗೆ ಬಂದು ನೀನು ಹೇಳಿದ್ದನ್ನೇ ಓದಿದ, ನಾನು ರುಜು ಹಾಕಿದೆ.

ಮಲಗಿಕೊಂಡು ಹಳೆಯ ರಾತ್ರಿಗಳನ್ನೇ ಸುತ್ತುತ್ತಿರುತ್ತೇನೆ. ಒಂದೇ ರಾತ್ರಿಗೆ ಎರಡು ಕಡೆ ಹಾಡು ಕೇಳಲು ಹೋಗುತ್ತಿದ್ದೆವಲ್ಲ: ನಾರ್ತ್‌ಕೋಟಿನಲ್ಲಿ ಮೊದಲ ತಂಡ, ಮೆರ್ರಿ ತೊರೆಯ ದಾರಿಯಲ್ಲಿ ಕತ್ತಲೊಳಗೆ ಬರ್ರನೆ ಇಳಿದು ಬ್ರನ್ಸ್‌ವಿಕ್ಕಿನಲ್ಲಿ ಎರಡನೆಯದು. ಎರಡು ಬೀದಿ ಆಚೆಯಿಂದಲೇ ಬೇಸ್ ಗಿಟಾರು ಎದೆಗೆ ಬಂದು ಬಡಿಯುವುದು. ಬೇಲಿಗೆ ಬೀಗ ಹಾಕಿದ ಸೈಕಲ್ಲುಗಳ ರಾಶಿ ನೋಡಿಯೇ ಒಳಗೆ ಎಷ್ಟು ಜನವಿದ್ದಾರೆ ಅಂತ ನಾವು ಪಂತ ಕಟ್ಟುವುದು. ನಾನು ಒಂದು ವಾದ್ಯವನ್ನೂ ಮುಟ್ಟಿದವಳಲ್ಲ, ಆದರೆ ಕೇಳುವುದರಲ್ಲಿ ನನಗೆ ಸಮನಾದವಳು ಇಲ್ಲ ಅಂತ ನೀನೇ ಹೇಳಿದ್ದೆ. ಈಗ ಪಕ್ಕದ ಮನೆಯವರು ಚಮಚ ಬೀಳಿಸಿದರೂ ಕಿವಿ ಮುಚ್ಚಿಕೊಳ್ಳುತ್ತೇನೆ. ದಂತವೈದ್ಯರ ಕ್ಲಿನಿಕ್ಕಿನ ಕೆಲಸವೂ ಹೋದ ಹಾಗೆಯೇ. ಆ ಡ್ರಿಲ್ಲಿನ ಸದ್ದಿನ ಪಕ್ಕ ನಿಲ್ಲುವುದು ನನ್ನಿಂದ ಸಾಧ್ಯವಿಲ್ಲ.

ಸೈಕಲ್ಲನ್ನು ಮಾರಿಬಿಡೋಣ ಅಂತಿದ್ದೇನೆ. ನನ್ನ ಕಣ್ಣನ್ನು, ಕೈಯನ್ನು ನಾನೇ ನಂಬದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡಲಿ? ನೀನೇನಂತೀಯ?

ನೆರಿಡಾ

*

ಸಿಗ್ನೆಟ್, ಟಾಸ್ಮೇನಿಯಾ
2 ಮೇ 2017

ಪ್ರೀತಿಯ ನೆರಿ,

ತಡವಾಯಿತು, ಬೈಯಬೇಡ. ಇಲ್ಲಿ ಗೆಳೆಯನ ಸೇಬಿನ ಗೋದಾಮಿನಲ್ಲಿ ಬೀಡುಬಿಟ್ಟಿದ್ದೇನೆ. ಚಳಿ ಅಂದರೆ ಚಳಿ, ಗಿಟಾರಿನ ತಂತಿ ಬೆರಳಿಗೆ ಅಂಟುತ್ತದೆ. ಹೊಸ ಆಲ್ಬಮ್ಮಿಗೆ ಹಾಡು ಬರೆಯುತ್ತಿದ್ದೇನೆ. ಹೇಮಿ ಡ್ರಮ್ಮುಗಳನ್ನು ಮಾರಿ ವೆಲಿಂಗ್ಟನ್ನಿಗೆ ಹೊರಟುಹೋದ, ಹೆಂಡತಿಗೆ ದಿನ ತುಂಬಿದೆಯಂತೆ. ತಂಡದ ಕಥೆ ನೋಡಬೇಕು.

ನಿನ್ನ ಕಾಗದ ಮೂರು ಸಲ ಓದಿದೆ. ನಿನ್ನನ್ನು ನೀನು ಹೀಗೆ ಹಿಂಸಿಸಿಕೊಳ್ಳುವುದು ನೋಡಲಾಗುವುದಿಲ್ಲ. ಯಾರಿಗೆ ಬೇಕಾದರೂ ಆಗಬಹುದಿತ್ತು ನೆರಿ. ಒಂದು ಕ್ಷಣ ಅಷ್ಟೆ. ಗ್ರಹಚಾರ ಅಂದುಕೊಂಡು ಬಿಟ್ಟುಬಿಡು. ಆ ರಾತ್ರಿಯನ್ನು ಕೆದಕಿ ಏನೂ ಸಿಗುವುದಿಲ್ಲ.

ಸೈಕಲ್ಲು ಮಾರುವುದು ಸರಿ. ಖಂಡಿತ ಮಾರು. ಅದನ್ನು ನೋಡಿದಾಗಲೆಲ್ಲ ನಿನಗೆ ಅದೇ ನೆನಪು. ಬೇಕಾದರೆ ಅಮ್ಮನಿಗೆ ಹೇಳುತ್ತೇನೆ, ಗುಜರಿಯವನನ್ನು ಕರೆಸಿ ಒಯ್ಯಿಸುತ್ತಾಳೆ, ನೀನು ಅದನ್ನು ಮುಟ್ಟುವುದೂ ಬೇಡ.

ಒಂದು ಮಾತು. ನಿನ್ನ ಬಗ್ಗೆ ಒಂದು ಹಾಡು ತಾನೇ ತಾನಾಗಿ ಬರುತ್ತಿದೆ. ತಡೆಯಲು ಆಗುತ್ತಿಲ್ಲ. ಹೆಸರು 'ಹಳಿ'. ನಿನಗೆ ಬೇಸರವಿಲ್ಲ ತಾನೆ?

ನಿನ್ನ
ಥಾನೊ

*

ಬ್ರನ್ಸ್‌ವಿಕ್
30 ಜೂನ್ 2017

ಥಾನೊ,

ಹಾಡು ಕೇಳಿದೆ.

ಬಡಾವಣೆಯ ರೇಡಿಯೋದಲ್ಲಿ ದಿನಕ್ಕೆ ಮೂರು ಸಲ ಹಾಕುತ್ತಾರೆ ಅಂತ ಕೆಳಗಿನ ತರಕಾರಿ ಅಂಗಡಿಯವಳು ಹೇಳಿದಳು. ಅವಳ ಅಂಗಡಿಯಲ್ಲೇ, ಬಲಗಿವಿಗೆ ಹತ್ತಿ ತುರುಕಿ, ಎಡಗಿವಿಯಲ್ಲಿ ಕೇಳಿದೆ. ನಲವತ್ತು ಸೆಕೆಂಡು. ಅಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು, ಈರುಳ್ಳಿ ಮೂಟೆಯ ಮೇಲೆ ಕುಳಿತುಬಿಟ್ಟೆ. ಉಳಿದದ್ದನ್ನು ಅವಳು ಚೀಟಿಯಲ್ಲಿ ಬರೆದುಕೊಟ್ಟಳು. ಊರಿನ ಎಲ್ಲ ಬೀದಿಯೂ ಗೊತ್ತಿದ್ದ ಹೆಣ್ಣು, ಒಂದು ರಾತ್ರಿ ಹಳಿ ಅವಳ ಚಕ್ರ ಹಿಡಿಯಿತು, ಎದ್ದಾಗ ಏನೂ ನೆನಪಿಲ್ಲ, ನನ್ನ ಕೈ ಮಾತ್ರ ಹಿಡಿದಿದ್ದಳು, ಅಂತ.

ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಯಾರೋ ನನ್ನ ಪೆದ್ದುತನಕ್ಕೂ ಒಂದು ಮರ್ಯಾದೆ ಕೊಟ್ಟರಲ್ಲ ಅಂತ. ಆ ರಾತ್ರಿ ನನ್ನನ್ನು ಆಂಬುಲೆನ್ಸಿಗೆ ಹತ್ತಿಸಿ ನೀನು ಒಳಗೆ ಹೋಗಿ ಹಾಡಿದೆಯಂತೆ, ಹಾಡುತ್ತಾ ಅತ್ತೆಯಂತೆ, ಪಬ್ಬಿಗೆ ಪಬ್ಬೇ ಅತ್ತಿತಂತೆ. ಕೂಪರ್ಸ್ ಲೆಗ್ ಪಬ್ಬಿಗೆ ಅಷ್ಟು ಒಳ್ಳೆಯ ರಾತ್ರಿ ಹತ್ತು ವರ್ಷದಲ್ಲಿ ಬಂದಿರಲಿಲ್ಲವಂತೆ. ಕಾರ್ಯಕ್ರಮ ತಪ್ಪಿಸಿಕೊಂಡವಳು ನಾನೊಬ್ಬಳೇ!

ಈಗ ದಾರಿಯಲ್ಲಿ ಜನ ಗುರುತು ಹಿಡಿಯುತ್ತಾರೆ. ಔಷಧಿ ಅಂಗಡಿಯಲ್ಲಿ ಒಬ್ಬ ಗಡ್ಡದವನು, "ನೀವೇ ಅಲ್ವಾ ಹಳಿಯವ್ರು? ನನ್ನ ತಂಗೀನೂ ಹಂಗೇ ಬಿದ್ಳು ಕಣ್ರೀ" ಅಂದ. ಹಳಿಯವಳು. ನಲವತ್ತೆರಡು ವರ್ಷ ಬದುಕಿ ಸಂಪಾದಿಸಿದ ಹೆಸರು.

ಸೈಕಲ್ಲು ಇನ್ನೂ ಮೆಟ್ಟಿಲ ಕೆಳಗೆ ಬಟ್ಟೆ ಹೊದ್ದು ನಿಂತಿದೆ. ಮುಂದಿನ ಶನಿವಾರ ಕ್ಲೈವನ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋಗುತ್ತೇನೆ. ಗುಜರಿಗೆ ಕೊಡಲು ಮನಸ್ಸಿಲ್ಲ. ಯಾರಾದರೂ ತುಳಿಯಲಿ.

ನೆರಿಡಾ

*

ಬ್ರನ್ಸ್‌ವಿಕ್
9 ಜುಲೈ 2017

ಥಾನಾಸಿ,

ನಿನ್ನೆ ಕ್ಲೈವನ ಅಂಗಡಿಗೆ ಹೋಗಿದ್ದೆ. ನಿನಗೆ ಗೊತ್ತಲ್ಲ ಅವನು, ಮೂವತ್ತು ವರ್ಷದಿಂದ ಈ ಬೀದಿಯ ಮುರಿದ ಸೈಕಲ್ಲುಗಳನ್ನೇ ನೋಡುತ್ತಾ ಬಂದವನು, ಎದುರಿಗಿರುವವರ ಮುಖ ನೋಡುವುದು ಕಡಿಮೆ. ಸೈಕಲ್ಲನ್ನು ಎತ್ತಿ ಕೊಂಡಿಗೆ ನೇತುಹಾಕಿದ. ಮುಂದಿನ ಚಕ್ರ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.

"ಏನಾಯ್ತು ಅಂದೆ ಇದಕ್ಕೆ?"

"ಟ್ರಾಮ್ ಹಳಿಗೆ ಸಿಕ್ಕಿಕೊಳ್ತು. ಹಾಡು ಕೇಳಿಲ್ವಾ?"

"ಹಾಡು ಗೀಡು ನಂಗೊತ್ತಿಲ್ಲ. ಹಳಿಗೆ ಸಿಕ್ಕಿದ ಚಕ್ರ ಹಿಂಗಿರಲ್ಲ ಕಣಮ್ಮ. ಎಂಟರ ಆಕಾರ ಆಗಿರುತ್ತೆ. ಇದು ನೋಡು, ಕೂದಲೆಳೆಯಷ್ಟೂ ಸೊಟ್ಟಗಾಗಿಲ್ಲ." ಆಮೇಲೆ ಹ್ಯಾಂಡಲಿನ ಎಡತುದಿ ತೋರಿಸಿದ. ಅದು ಒಳಕ್ಕೆ ಮಡಚಿಕೊಂಡಿತ್ತು. ಎಡಗಡೆಯ ಬ್ರೇಕಿನ ಹಿಡಿಯ ಮೇಲೆ ಉಗುರಿನಗಲ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಕನ್ನಡಕ ಹಣೆಗೇರಿಸಿ ಕೇಳಿದ, "ಈಗ ಟ್ರಾಮ್ ಹಳಿಗೆ ನೀಲಿ ಬಣ್ಣ ಬಳೀತಾರೇನು?"

ನಾನು ಬಗ್ಗಿ ಆ ನೀಲಿಯನ್ನು ಬೆರಳಿನಿಂದ ಮುಟ್ಟಿದೆ.

"ಇದು ಬಾಗಿಲು. ನಿಂತ ಗಾಡಿಯೋನು ಬಾಗಿಲು ತೆಗ್ದಿದಾನೆ, ನಿನ್ನ ಎಡಗೈಗೆ ಬಡಿದಿದೆ, ನೀನು ಬಲಕ್ಕೆ ಹಾರಿ ಹಳಿ ಮೇಲೆ ಬಿದ್ದಿದೀಯ. ವಾರಕ್ಕೆರಡು ಬರ್ತವೆ ಇಂಥವು. ಎಡಗೈ ಕಿರುಬೆರಳು ಮುರಿದಿತ್ತಾ?"

ಮುರಿದಿತ್ತು. ಬಲಕ್ಕೆ ಬಿದ್ದವಳ ಎಡಗೈ ಬೆರಳು ಹೇಗೆ ಮುರಿಯಿತು ಅಂತ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನೀನು ಕಣ್ಣಾರೆ ಕಂಡೆ ಅಂದಿದ್ದೆಯಲ್ಲ, ಅಷ್ಟು ಸಾಕಾಗಿತ್ತು.

ನಿಮ್ಮ ತಂಡದ ವ್ಯಾನು ನೀಲಿ. ಕೂಪರ್ಸ್ ಲೆಗ್ ಮುಂದೆ ಯಾವಾಗಲೂ ಆ ದೀಪದ ಕಂಬದ ಪಕ್ಕವೇ ನಿಲ್ಲಿಸುತ್ತೀರಿ. ಏನಾಯಿತು ಅಂತ ಬರೆ. ಬೇರೆ ಏನೂ ಬರೆಯಬೇಡ.

ನೆರಿಡಾ

*

ಸಿಗ್ನೆಟ್
28 ಜುಲೈ 2017

ನೆರಿ,

ಹೇಳಬೇಕು ಅಂತ ನೂರು ಸಲ ಅಂದುಕೊಂಡೆ. ನೀನು ಹುಷಾರಾಗಲಿ ಅಂತ ಕಾದೆ. ನಿಜ, ವ್ಯಾನಿನ ಬಾಗಿಲೇ. ಹೇಮಿ ತೆಗೆದ. ಅವನು ಸಾಮಾನು ಇಳಿಸುವ ಗಡಿಬಿಡಿಯಲ್ಲಿ ನೋಡಲಿಲ್ಲ. ನೀನು ಬಿದ್ದದ್ದು ನೋಡಿ ನಡುಗಿಹೋದ. ಹೆಂಡತಿ ಬಸುರಿ, ಪೊಲೀಸು ಕೇಸಾದರೆ ಊರಿಗೆ ಹೋಗುವುದು ಹೇಗೆ ಅಂತ ಅಳುತ್ತಿದ್ದ. ಆ ಹೊತ್ತಿಗೆ ಬಾಯಿಗೆ ಬಂದದ್ದು ಹಳಿ. ನೀನು ಬಿದ್ದದ್ದೂ ಹಳಿಯ ಮೇಲೇ ಅಲ್ಲವೇ?

ಅವನನ್ನು ಉಳಿಸಲು ಹೋಗಿ ನಿನಗೆ ಅನ್ಯಾಯ ಮಾಡಿದೆ. ಆದರೆ ಈಗ ಅವನಿಗೆ ಎಂಟು ವಾರದ ಮಗು ಇದೆ. ಅವನಿಗೆ ಬರೆಯಬೇಡ. ಬೈಯುವುದಾದರೆ ನನ್ನನ್ನು ಬೈ.

ಥಾನೊ

*

ಬ್ರನ್ಸ್‌ವಿಕ್
3 ಆಗಸ್ಟ್ 2017

ಥಾನಾಸಿ,

ನಾನು ನಿಮ್ಮ ತಂಡ ಸಾಮಾನು ಇಳಿಸುವುದನ್ನು ಎಷ್ಟು ಸಲ ನೋಡಿದ್ದೇನೆ? ಇನ್ನೂರು? ಮುನ್ನೂರು? ಎಷ್ಟೋ ಸಲ ನಾನೇ ಹೊತ್ತಿದ್ದೇನೆ.

ಮೊದಲು ಡ್ರಮ್ಮು ಇಳಿಯುತ್ತದೆ. ಯಾವಾಗಲೂ. ಜೋಡಿಸಲು, ಮೈಕು ಕಟ್ಟಲು ಅದಕ್ಕೇ ಹೆಚ್ಚು ಹೊತ್ತು ಬೇಕು. ಡ್ರಮ್ಮು ಒಳಗೆ ಹೋದ ಮೇಲೆ ಡ್ರಮ್ಮಿನವನು ಹೊರಗೆ ಬರುವುದಿಲ್ಲ, ಒಳಗೆ ಕೂತು ತಿರುಪು ಬಿಗಿಯುತ್ತಾ ದಡಬಡ ಅನ್ನಿಸುತ್ತಿರುತ್ತಾನೆ. ಆಮೇಲೆ ಬೇಸಿನ ಪೆಟ್ಟಿಗೆ. ಕೊನೆಗೆ ನಿನ್ನದು, ಯಾಕೆಂದರೆ ನೀನು ಅಷ್ಟು ಹೊತ್ತು ವ್ಯಾನಿನಲ್ಲಿ ಕೂತು ಫೋನು ನೋಡುತ್ತಿರುತ್ತೀಯ. ಅದರ ಬಗ್ಗೆ ಎಲ್ಲರೂ ನಿನ್ನನ್ನು ಗೇಲಿ ಮಾಡುತ್ತಿದ್ದೆವು.

ಆ ರಾತ್ರಿ ನಾನು ಬಂದಾಗ ಫುಟ್‌ಪಾತಿನ ಮೇಲೆ ಡ್ರಮ್ಮಿನ ಚೀಲ ಒಂದೂ ಇರಲಿಲ್ಲ ಅಂತ ಪಬ್ಬಿನ ಬಾಗಿಲು ಕಾಯುವವಳು ಹೇಳುತ್ತಾಳೆ. ಹೇಮಿ ಡ್ರಮ್ಮು ಬಡಿಯುತ್ತಿದ್ದದ್ದು ಬೀದಿಗೆ ಕೇಳುತ್ತಿತ್ತಂತೆ. ನಿನ್ನೆ ಹೋಗಿ ಕೇಳಿ ಬಂದೆ.

ಎಳೆಗೂಸಿನ ತಂದೆಯ ತಲೆಗೆ ಕಟ್ಟಲು ಹೊರಟೆಯಲ್ಲೋ! ನಾಚಿಕೆಯಾಗಲಿಲ್ಲವೇನೋ ನಿನಗೆ? ಸುಳ್ಳು ಹೇಳುವುದಾದರೆ ಸಾಮಾನು ಯಾವುದು ಮೊದಲು ಇಳಿಯುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳಬೇಕು.

ಇನ್ನೊಂದು ಸಲ ಕೇಳುತ್ತಿದ್ದೇನೆ. ಬಾಗಿಲು ತೆಗೆದವರು ಯಾರು?

ನೆರಿಡಾ

*

ಬ್ರನ್ಸ್‌ವಿಕ್
10 ಸೆಪ್ಟೆಂಬರ್ 2017

ತಿಂಗಳು ದಾಟಿತು. ನಿನ್ನಿಂದ ಅಕ್ಷರವಿಲ್ಲ.

ನಿಮ್ಮಮ್ಮ ನಿನ್ನೆ ಬಂದಿದ್ದರು. ಇಗರ್ಜಿಯಲ್ಲಿ ನನ್ನ ಹೆಸರಿಗೆ ಮೇಣದಬತ್ತಿ ಹಚ್ಚಿದರಂತೆ. ನನ್ನ ಕೂದಲು ಬಾಚಿ, ಹಳಿಗೆ ಶಾಪ ಹಾಕಿ ಹೋದರು. ನಾನು ಅವರಿಗೆ ಏನೂ ಹೇಳಲಿಲ್ಲ. ಹೇಳಬೇಕಾದದ್ದು ನಾನಲ್ಲ, ನೀನು.

ನೆ.

*

ಸಿಗ್ನೆಟ್
24 ಸೆಪ್ಟೆಂಬರ್ 2017

ನೆರಿಡಾ,

ನಾನು ತೆಗೆದೆ.

ಹಿಂದಿನ ಕಾರ್ಯಕ್ರಮದ ಬಗ್ಗೆ ಯಾರೋ ಏನೋ ಹೊಗಳಿ ಬರೆದಿದ್ದರು. ಅದನ್ನು ಓದುತ್ತಿದ್ದೆ. ಓದುತ್ತಲೇ ಬಾಗಿಲು ನೂಕಿದೆ. ಕನ್ನಡಿಯಲ್ಲಿ ಒಂದು ದೀಪ ಕಂಡಿತ್ತು. ದೂರ ಇದೆ ಅಂದುಕೊಂಡೆ. ಅದು ನಿನ್ನ ದೀಪ.

ನೀನು ಮೇಲೇಳಲಿಲ್ಲ. ಸತ್ತೇಹೋದೆ ಅಂದುಕೊಂಡೆ. ಜನ ಬರುವ ಮೊದಲು ನಾನು ಒಂದು ಕೆಲಸ ಮಾಡಿದೆ. ಸೈಕಲ್ಲು ಹಳಿಯ ಹತ್ತಿರವೇ ಬಿದ್ದಿತ್ತು. ಅದರ ಮುಂದಿನ ಚಕ್ರವನ್ನು ಎಳೆದು ಹಳಿಯೊಳಗೆ ಇಟ್ಟೆ. ಒಂದು ಮೊಳದಷ್ಟು ಎಳೆದಿರಬೇಕು, ಅಷ್ಟೆ. ಆಮೇಲೆ ನಿನ್ನ ಕೈ ಹಿಡಿದುಕೊಂಡು ಕೂಗಿದೆ.

ಆ ರಾತ್ರಿ ಯಾಕೆ ಹಾಡಿದೆ ಅಂತ ಕೇಳಬೇಡ. ಹಾಡದೆ ಇದ್ದಿದ್ದರೆ ಯಾರಾದರೂ ಬಂದು ನನ್ನ ಜೊತೆ ಕೂರುತ್ತಿದ್ದರು, ಏನಾಯಿತು ಅಂತ ಕೇಳುತ್ತಿದ್ದರು. ವೇದಿಕೆಯ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಹಾಡು ಬರೆದದ್ದು ನಿನಗೆ ಮೋಸ ಮಾಡಲು ಅಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಅದು ನಿಜ ಅನ್ನಿಸಿತು. ಹಳಿಯನ್ನು ನಾನು ಕಣ್ಣಾರೆ ಕಂಡ ಹಾಗೆ ಆಯಿತು. ನೀನು ನಂಬುವುದಿಲ್ಲ ಅಂತ ಗೊತ್ತು.

ಏನು ಮಾಡಲಿ ಹೇಳು. ಮಾಡುತ್ತೇನೆ.

ಥಾನಾಸಿ ವ್ಲಾಹೊಸ್

*

ಬ್ರನ್ಸ್‌ವಿಕ್
10 ಅಕ್ಟೋಬರ್ 2017

ಥಾನಾಸಿ,

ನಂಬುತ್ತೇನೆ. ಅದೇ ದೊಡ್ಡ ಕಷ್ಟ. ನೀನು ಹಾಡುವುದನ್ನೆಲ್ಲ ನೀನೇ ಮೊದಲು ನಂಬುತ್ತೀಯ, ಅದಕ್ಕೇ ನಿನ್ನ ಹಾಡು ಕೇಳಲು ನಾನು ಅಷ್ಟು ವರ್ಷ ಬಂದದ್ದು.

ಬಾಗಿಲು ತೆಗೆದದ್ದಕ್ಕೆ ನಿನ್ನನ್ನು ಒಂದು ವಾರ ಬೈದು ಕ್ಷಮಿಸುತ್ತಿದ್ದೆ. ಈ ಊರಿನಲ್ಲಿ ದಿನಾ ಯಾರೋ ಯಾರಿಗೋ ಬಾಗಿಲು ತೆಗೆಯುತ್ತಾರೆ. ಆದರೆ ಆ ಒಂದು ಮೊಳ ಇದೆಯಲ್ಲ, ಅದು ನನ್ನ ಏಳು ತಿಂಗಳು ತಿಂದಿತು. ಕಿವಿಯನ್ನು ನೀನು ಬೇಕೆಂದು ಕಿತ್ತುಕೊಳ್ಳಲಿಲ್ಲ. ನನ್ನ ಮೇಲೆ ನನಗಿದ್ದ ನಂಬಿಕೆಯನ್ನು ಬೇಕೆಂದೇ ಕಿತ್ತುಕೊಂಡೆ, ಎರಡು ಕೈಯಲ್ಲಿ ಎಳೆದು. ರಾತ್ರಿಯೆಲ್ಲ ನಾನು ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಹುಡುಕುತ್ತಿದ್ದಾಗ ನೀನು ಅಲ್ಲಿ ಕೂತು ಅದಕ್ಕೆ ರಾಗ ಹಾಕುತ್ತಿದ್ದೆ. ಮಾರಿಬಿಡು ಅಂದೆ ಬೇರೆ. ಗುಜರಿಗೆ!

ಸೈಕಲ್ಲು ಮಾರಲಿಲ್ಲ. ಕ್ಲೈವ್ ಹ್ಯಾಂಡಲು ಬದಲಾಯಿಸಿ ಕೊಟ್ಟ. ನಿನ್ನ ಕಾಗದ ಬಂದ ದಿನವೇ ಹತ್ತಿದೆ. ಮೊದಲು ಬೀದಿಯ ಕೊನೆಯವರೆಗೆ, ಮಾರನೆಯ ದಿನ ತೊರೆಯ ದಾರಿಗೆ. ಈಗ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುವ ಕಾಲ. ಒಂದು ಬಂದು ಹೆಲ್ಮೆಟ್ಟಿಗೆ ಎರಡು ಸಲ ಕುಕ್ಕಿತು. ಬಾಯ್ತುಂಬ ಬೈದೆ ಅದನ್ನು. ಎಷ್ಟು ಹಿತವಾಯಿತು ಗೊತ್ತಾ? ಸಿಡ್ನಿ ರೋಡಿನ ಹಳಿಯನ್ನು ನಾಲ್ಕು ಸಲ ದಾಟಿದೆ, ಅಡ್ಡಡ್ಡ, ಮೊದಲಿನ ಹಾಗೇ. ನನ್ನ ಕೈ ಸರಿಯಾಗೇ ಇದೆ ಕಣೋ. ಯಾವತ್ತೂ ಸರಿಯಾಗೇ ಇತ್ತು.

ಏನು ಮಾಡಲಿ ಅಂತ ಕೇಳಿದ್ದೀಯ. ಪೊಲೀಸರ ಹತ್ತಿರ ನಾನು ಹೋಗುವುದಿಲ್ಲ. ನಿಮ್ಮಮ್ಮನ ಮುಖ ನೋಡಿ ಹೋಗುವುದಿಲ್ಲ. ಆದರೆ ಸುಳ್ಳನ್ನು ಯಾರ ಮುಂದೆ ಹಾಡಿದೆಯೋ ಅವರ ಮುಂದೆಯೇ ನಿಜ ಹೇಳಬೇಕು. ಕಾಗದದಲ್ಲಿ ನನಗೊಬ್ಬಳಿಗಲ್ಲ. ಬಾಯಿಬಿಟ್ಟು, ಮೈಕಿನಲ್ಲಿ. ಒಂದೇ ವಾಕ್ಯ ಸಾಕು, ಪ್ರಾಸ ಬೇಡ.

ನೆರಿಡಾ

*

ಸಿಗ್ನೆಟ್
2 ನವೆಂಬರ್ 2017

ನೆರಿಡಾ,

ಆಯಿತು. ನವೆಂಬರ್ ಹದಿನೆಂಟು, ಶನಿವಾರ, ಕೂಪರ್ಸ್ ಲೆಗ್‌ನಲ್ಲೇ ಹೊಸ ಆಲ್ಬಮ್ಮಿನ ಬಿಡುಗಡೆ. 'ಹಳಿ' ಹಾಡುವ ಮೊದಲು ಹೇಳುತ್ತೇನೆ. ಅಮ್ಮನೂ ಬರುತ್ತಾಳೆ. ಅವಳೂ ಅಲ್ಲೇ ಕೇಳಲಿ. ನೀನು ದಯವಿಟ್ಟು ಬಾ. ನೀನು ಎದುರಿಗಿದ್ದರೆ ನನಗೆ ಧೈರ್ಯ.

ಥಾನೊ

*

ಬ್ರನ್ಸ್‌ವಿಕ್
19 ನವೆಂಬರ್ 2017

ಥಾನಾಸಿ,

ನಾಳೆ ಸೋಮವಾರ, ನಿನ್ನ ಸೆಪ್ಟೆಂಬರಿನ ಕಾಗದವನ್ನು ಠಾಣೆಗೆ ತೆಗೆದುಕೊಂಡು ಹೋಗಿ ಕೊಡುತ್ತೇನೆ. ಹಿಂದಿನಿಂದ ಮಾಡಿದಳು ಅನ್ನಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಸೈಕಲ್ಲಿನಲ್ಲೇ ಬಂದೆ. ಎಂಟು ತಿಂಗಳಾದ ಮೇಲೆ ಮೊದಲ ಸಲ ರಾತ್ರಿ ಹೊರಟದ್ದು. ಎರಡೂ ಕಿವಿಗೆ ಮೇಣದ ಬಿರಡೆ, ಅದರ ಮೇಲೆ ಉಣ್ಣೆಯ ಟೋಪಿ, ಅದರ ಮೇಲೆ ಹೆಲ್ಮೆಟ್ಟು. ಆದರೂ ಎರಡು ಬೀದಿ ಆಚೆಯಿಂದಲೇ ಬೇಸ್ ಎದೆಗೆ ಬಡಿಯಿತು. ನನ್ನ ಕಿವಿಗೆ ಬೇಡವಾದದ್ದು ಎದೆಗೆ ಬೇಕಾಗಿತ್ತು. ಖುಷಿಯಾಯಿತು ಅಂತ ಹೇಳಿಕೊಳ್ಳಲು ಈಗ ಅವಮಾನವಾಗುತ್ತದೆ. ಇವತ್ತು ಎಲ್ಲ ಮುಗಿಯುತ್ತದೆ, ನಾಳೆಯಿಂದ ಇವನನ್ನು ಮತ್ತೆ ಬೈಯುತ್ತಾ, ಗೇಲಿ ಮಾಡುತ್ತಾ ಇರಬಹುದು ಅಂದುಕೊಂಡೇ ಬೀಗ ಹಾಕಿದೆ.

ನಾನು ಹಿಂದೆ, ಕಂಬದ ಪಕ್ಕ ನಿಂತಿದ್ದೆ. ನಿಮ್ಮಮ್ಮ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನೀನು ನನ್ನನ್ನು ನೋಡಿದೆ. "ಒಂದು ವಿಷಯ ಹೇಳಬೇಕು" ಅಂದೆ. ನಾನು ಬಿರಡೆ ತೆಗೆದೆ, ನೋವಾದರೂ ಆಗಲಿ ಅಂತ. ಜನ ಸುಮ್ಮನಾದರು. ಯಾರೋ ಒಬ್ಬ "ಹಳಿ!" ಅಂತ ಕೂಗಿದ. ಇನ್ನೊಬ್ಬ ಕೂಗಿದ. ನೀನು ನಕ್ಕೆ. ಆ ನಗು ಕಂಡಾಗಲೇ ನನಗೆ ಗೊತ್ತಾಯಿತು.

"ಈ ಹಾಡು ಯಾರದೋ ಅವಳು ಇವತ್ತು ಇಲ್ಲೇ ಇದಾಳೆ. ಮತ್ತೆ ಸೈಕಲ್ ಹತ್ತಿದಾಳೆ!" ಅಂದೆ ನೀನು. ಇನ್ನೂರು ಜನ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ನಿಮ್ಮಮ್ಮ ಎದ್ದು ನಿಂತು ಕಣ್ಣೊರೆಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದೆ. ಹೌದು, ನಾನೂ. ಇಪ್ಪತ್ತೊಂದು ವರ್ಷ ನಿಮ್ಮಂಥವರಿಗೆ ತಟ್ಟಿ ತಟ್ಟಿ ಕೈಗೆ ಅದೇ ರೂಢಿ. ನಿಲ್ಲಿಸುವ ಹೊತ್ತಿಗೆ ನೀನು ಎರಡನೆಯ ಸಾಲಿನಲ್ಲಿದ್ದೆ. ಎಲ್ಲರಿಗೂ ಬಾಯಿಪಾಠ. ಎದ್ದಾಗ ಏನೂ ನೆನಪಿಲ್ಲ, ಏನೂ ನೆನಪಿಲ್ಲ ಅಂತ ಇಡೀ ಪಬ್ಬು ನನ್ನ ಮುಖಕ್ಕೆ ಹಾಡಿತು. ಕಿವಿಯಲ್ಲಿ ಸೂಜಿ ಚುಚ್ಚಿದ ಹಾಗಾಗಿ ಹೊರಗೆ ಬಂದೆ.

ಬೇಲಿಯ ಹತ್ತಿರ ಒಬ್ಬ ಹುಡುಗಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದಳು. ಇಪ್ಪತ್ತು ವರ್ಷವಿರಬೇಕು, ಹಿಂದಿನ ಬುಟ್ಟಿಯಲ್ಲಿ ನಿನ್ನ ಹೊಸ ಆಲ್ಬಂ. ನನ್ನನ್ನು ನೋಡಿ ಕಣ್ಣರಳಿಸಿದಳು.

"ಅಯ್ಯೋ, ನೀವೇ! ನಿಮಗೆ ಥ್ಯಾಂಕ್ಸ್ ಹೇಳ್ಬೇಕಿತ್ತು. ಆ ಹಾಡು ಕೇಳಿದ್ಮೇಲೆ ನಾನು ಈ ರೋಡಲ್ಲಿ ಹಳಿ ಬಂದ್ರೆ ಇಳಿದು ತಳ್ಕೊಂಡೇ ದಾಟೋದು."

"ಇಳೀಬೇಡ ಮಗೂ," ಅಂದೆ. "ಅಡ್ಡಡ್ಡ ಹೋದ್ರೆ ಹಳಿ ಏನೂ ಮಾಡಲ್ಲ. ನಿಂತಿರೋ ಗಾಡಿಗಳ ಬಾಗಿಲು ನೋಡ್ಕೋ. ನಂಗೆ ಬಡಿದದ್ದು ವ್ಯಾನಿನ ಬಾಗಿಲು. ತೆಗೆದವನು ಒಳಗೆ ಹಾಡ್ತಿದಾನಲ್ಲ, ಅವನೇ."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆ ನೋಟ ನನಗೆ ಗೊತ್ತು. ಹಲ್ಲು ಕೀಳಿಸಿಕೊಂಡು ಮತ್ತಿನಲ್ಲಿ ತೊದಲುವವರನ್ನು ನಾನು ಹಾಗೇ ನೋಡುತ್ತಿದ್ದೆ.

"ಹೌದಾ," ಅಂದಳು ಮೆಲ್ಲಗೆ. "ನಿಮಗೆ ಏನೂ ನೆನಪಿಲ್ಲ ಅಂತ ಹಾಡಲ್ಲೇ ಇದೆಯಲ್ಲ. ಪಾಪ, ತಲೆಗೆ ಅಷ್ಟು ಪೆಟ್ಟಾದ್ರೆ ಏನೇನೋ ಅನ್ನಿಸುತ್ತಂತೆ. ಬೇಜಾರು ಮಾಡ್ಕೋಬೇಡಿ."

ಚೀಲದಲ್ಲಿ ನಿನ್ನ ಕಾಗದ ಇತ್ತು. ತೆಗೆಯಲು ಕೈ ಹಾಕಿದೆ. ಬೀದಿದೀಪದ ಕೆಳಗೆ ನಿಂತು ಕಂಡವರಿಗೆಲ್ಲ ಕಾಗದ ಬಿಚ್ಚಿ ತೋರಿಸುವ ಹುಚ್ಚಿಯನ್ನು ಈ ಊರಿನಲ್ಲಿ ನಾನೂ ಕಂಡಿದ್ದೇನೆ, ನೀನೂ ಕಂಡಿದ್ದೀಯ. ಕೈಯನ್ನು ಹಿಂದಕ್ಕೆ ತೆಗೆದು ನನ್ನ ಸೈಕಲ್ಲಿನ ಬೀಗ ಬಿಚ್ಚಿದೆ.

ಅವಳು ಒಳ್ಳೆಯ ಹುಡುಗಿ. ತನ್ನ ಸೈಕಲ್ಲನ್ನು ಬೇಲಿಗೆ ಒರಗಿಸಿ ಬಂದು ನನ್ನ ಮೊಣಕೈ ಹಿಡಿದಳು. ಇನ್ನೊಂದು ಕೈಯಲ್ಲಿ ನನ್ನ ಸೈಕಲ್ಲಿನ ಹ್ಯಾಂಡಲು ಹಿಡಿದಳು. "ಬನ್ನಿ, ಹೆದರ್ಬೇಡಿ. ನಾನು ಹಳಿ ದಾಟಿಸಿ ಬಿಡ್ತೀನಿ," ಅಂದಳು.

ದಾಟಿಸಿಕೊಂಡೆ.

ನೆರಿಡಾ ಪ್ಯಾಸ್ಕೊ